ಅಂಚೆಯಲ್ಲಿ ಪಿನ್ ಅದಲುಬದಲು: ಕೈ ಕಚ್ಚದಂತೆ, ಯಾರ ಮನಸ್ಸೂ ಕೆಡದಂತೆ

ಕೊಡಗಿನ ಮಡಿಕೇರಿ, ಗೋಣಿಕೊಪ್ಪ, ಸೋಮವಾರಪೇಟೆ ಕಡೆ ಇದ್ದುಕೊಂಡು ಎನಾಮಲ್ ಪಿನ್, ಅಂದರೆ ಅಂಗಿಗೋ ಚೀಲಕ್ಕೋ ಸಿಕ್ಕಿಸುವ ಬಣ್ಣ ತುಂಬಿದ ಪುಟ್ಟ ಲೋಹದ ಬಿಲ್ಲೆ, ಸಂಗ್ರಹ ಮಾಡುವವರಿಗೆ ದೊಡ್ಡ ಊರಿನ ಅನುಕೂಲ ಇಲ್ಲ. ಪಿನ್‌ಗೆ ಅಂತಲೇ ಅಂಗಡಿ ಹತ್ತಿರದಲ್ಲಿಲ್ಲ, ವಾರಾಂತ್ಯದ ಮೇಳ ಇಲ್ಲ. ಜಿಲ್ಲೆಗೆ ರೈಲೂ ಇಲ್ಲ, ಸುಮ್ನೆ ಒಂದು ದಿನ ಹೋಗಿ ಬರೋಣ ಅನ್ನುವುದಕ್ಕೆ. ಹಾಗಾಗಿ ನಮಗೆ ಅಂಚೆಯೇ ದಾರಿ. ದುಡ್ಡು ಸೋರುವುದೂ ಆ ದಾರಿಯಲ್ಲೇ. ಇನ್ನೂರು ರೂಪಾಯಿಯ ಒಂದು ಪಿನ್ ಬದಲಿಸಲು ಎರಡೂ ಕಡೆಯವರು ಸೇರಿ ಹೆಚ್ಚುಕಮ್ಮಿ ಅಷ್ಟೇ ದುಡ್ಡನ್ನು ಅಂಚೆಗೆ ಕಟ್ಟಿದರೆ, ಅದರ ಬದಲು ಇನ್ನೊಂದು ಪಿನ್ ಕೊಂಡುಕೊಳ್ಳುವುದೇ ವಾಸಿ, ಅಲ್ವಾ?

ಆದರೂ ಅದಲುಬದಲಿನಲ್ಲಿ ಸಿಗುವ ಖುಷಿ ಕೊಳ್ಳುವುದರಲ್ಲಿ ಸಿಗುವುದಿಲ್ಲ. ಶಿವಮೊಗ್ಗದಲ್ಲೋ ಧಾರವಾಡದಲ್ಲೋ ಕೂತ ಯಾರೋ ಒಬ್ಬರು, ಇದು ಇವರಿಗೆ ಹಿಡಿಸುತ್ತದೆ ಅಂತ ಯೋಚಿಸಿ ಆರಿಸಿ ಕಳಿಸಿದ ಪಿನ್‌ಗೆ ಬೇರೆಯೇ ಬೆಲೆ. ಆ ಖುಷಿ ಕಾಲೇಜು ಹುಡುಗರಿಗೂ, ತೋಟದ ಕೆಲಸದವರ ಲೈನ್ ಮನೆಯ ಮಕ್ಕಳಿಗೂ ಎಟುಕಬೇಕು. ಅದಕ್ಕೆ ನಾನು ಒತ್ತಿ ಹೇಳುವುದು ಇಷ್ಟೇ: ಅಂಚೆ ಖರ್ಚಿನ ಲೆಕ್ಕ ಮೊದಲು ಹಾಕಿ, ಪಿನ್ ಆಮೇಲೆ ಆರಿಸಿ. ಆ ಖರ್ಚು ಪ್ರತಿ ಸಲ ಒಬ್ಬರ ತಲೆಗೇ ಬೀಳದ ಹಾಗೆ ನೋಡಿಕೊಳ್ಳಿ.

ಈ ಹವ್ಯಾಸ ಹೊಸದಲ್ಲ. ಒಲಿಂಪಿಕ್ಸ್‌ನಲ್ಲಿ ಆಟಗಾರರು, ಅಧಿಕಾರಿಗಳು, ಪ್ರೇಕ್ಷಕರು ಪಿನ್ ಬದಲಿಸಿಕೊಳ್ಳುವುದು ಬಹಳ ಹಳೆಯ ರೂಢಿ. 1988ರ ಕ್ಯಾಲ್ಗರಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಕೋಕಾ-ಕೋಲಾ ಇದಕ್ಕೆಂದೇ ಒಂದು ಕೇಂದ್ರ ತೆರೆದಿತ್ತು. ಡಿಸ್ನಿ ಪಾರ್ಕುಗಳಲ್ಲಿ ಇದು ಶುರುವಾದದ್ದು 1999ರಲ್ಲಿ. ಅಲ್ಲಿನ ಸಿಬ್ಬಂದಿ ಕೊರಳಪಟ್ಟಿಯಲ್ಲಿ ಪಿನ್ ಸಿಕ್ಕಿಸಿಕೊಂಡು ಓಡಾಡುತ್ತಾರೆ, ಬಂದವರು ತಮ್ಮದನ್ನು ಕೊಟ್ಟು ಬೇಕಾದ್ದನ್ನು ತೆಗೆದುಕೊಳ್ಳುತ್ತಾರೆ. ಅಲ್ಲೆಲ್ಲ ಕೈಯಿಂದ ಕೈಗೆ ಹೋಗುವುದರಿಂದ ದಾರಿ ಖರ್ಚು ಇಲ್ಲ. ನಮಗೆ ಇದೆ, ಆದ್ದರಿಂದ ನಮ್ಮ ಕ್ರಮ ಸ್ವಲ್ಪ ಬೇರೆ ಇರಬೇಕು.

1. ತಿಂಗಳಿಗೆ ಇಷ್ಟು ಅಂತ ಮೊದಲೇ ಗೆರೆ ಹಾಕಿ

ಒಂದು ಮೊತ್ತ ಇಟ್ಟುಕೊಳ್ಳಿ, ನೂರೋ ಮುನ್ನೂರೋ, ನಿಮ್ಮ ಕೈಗೆ ಹಗುರಾದದ್ದು. ಅದರಲ್ಲಿ ಅಂಚೆ, ಟೇಪು, ಪೋಸ್ಟಾಫೀಸಿಗೆ ಹೋಗಿಬರುವ ಬಸ್ ಚಾರ್ಜು ಎಲ್ಲ ಸೇರಿರಬೇಕು. ಬಸ್ ಚಾರ್ಜನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಾಪೋಕ್ಲು ಆಚೆಯ ಹಳ್ಳಿಯಿಂದ ಮಡಿಕೇರಿಗೆ ಬಂದು ಒಂದು ಪಾರ್ಸೆಲ್ ಹಾಕಿ ಹೋಗುವವರಿಗೆ ಅರ್ಧ ದಿನ ಅಲ್ಲೇ ಹೋಗುತ್ತದೆ. ಬೇರೆ ಕೆಲಸಕ್ಕೆ ಪೇಟೆಗೆ ಹೋಗುವ ದಿನವೇ ಪಾರ್ಸೆಲ್ ಹಾಕುತ್ತೇನೆ ಅಂತ ಎದುರಿನವರಿಗೆ ಮೊದಲೇ ಹೇಳಿಬಿಡಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಏನನ್ನು ಸಂಗ್ರಹಿಸುತ್ತೀರಿ ಅನ್ನುವುದನ್ನೂ ಕಿರಿದು ಮಾಡಿಕೊಳ್ಳಿ. ಹಕ್ಕಿಗಳದ್ದು, ರೈಲಿನದ್ದು, ಹಾಕಿಯದ್ದು, ಸ್ಕೌಟ್ ಬ್ಯಾಡ್ಜು, ಯಾವುದಾದರೂ ಒಂದೆರಡು ಸಾಕು. ಕಂಡದ್ದೆಲ್ಲ ಬೇಕು ಅಂದರೆ ಅಂಚೆ ಖರ್ಚಿಗೆ ಕೊನೆಯೇ ಇರುವುದಿಲ್ಲ.

2. ಕೊಡಬಾರದ್ದನ್ನು ಮೊದಲೇ ಬೇರೆ ಇಡಿ

ಕೊಡಗಿನ ಮನೆಗಳಲ್ಲಿ ಈ ಮಾತು ಹೇಳಲೇಬೇಕು. ಅಜ್ಜನೋ ದೊಡ್ಡಪ್ಪನೋ ಸೈನ್ಯದಲ್ಲಿದ್ದ ಮನೆ ಇಲ್ಲಿ ಎಷ್ಟೊಂದು ಇವೆ. ಪೆಟ್ಟಿಗೆಯಲ್ಲಿ ರೆಜಿಮೆಂಟಿನ ಬ್ಯಾಡ್ಜು, ಪದಕ, ಭುಜದ ನಕ್ಷತ್ರ ಇರುತ್ತವೆ. ಅವನ್ನು ಅದಲುಬದಲಿಗೆ ಇಡಬೇಡಿ. ನಿಮಗೆ ಅದು ಹಳೆಯ ಹಿತ್ತಾಳೆ ಅನ್ನಿಸಿದರೂ ಮನೆಯ ಇನ್ನೊಬ್ಬರಿಗೆ ಅದೇ ಅಜ್ಜನ ನೆನಪು. ಆ ಬ್ಯಾಡ್ಜುಗಳನ್ನು ನೋಡುವ ಆಸೆ ಇರುವ ಗೆಳೆಯರು ಹೊರಗಿನಿಂದ ಬಂದರೆ ಮಡಿಕೇರಿಯ ಸನ್ನಿಸೈಡ್‌ಗೆ, ಅಂದರೆ 2021ರಲ್ಲಿ ಉದ್ಘಾಟನೆಯಾದ ಜನರಲ್ ತಿಮ್ಮಯ್ಯ ಸ್ಮಾರಕ ಮ್ಯೂಸಿಯಮ್ಮಿಗೆ, ಕರೆದುಕೊಂಡು ಹೋಗಿ. ಮನಸ್ಸು ತುಂಬುವಷ್ಟು ನೋಡಬಹುದು.

ಇನ್ನೊಂದು ಹುಲಿ ಉಗುರು. ಚಿನ್ನ ಕಟ್ಟಿಸಿದ ಹುಲಿ ಉಗುರಿನ ಹಳೆಯ ಬ್ರೋಚು ಕೆಲವರ ಮನೆಯಲ್ಲಿ ತಲೆಮಾರಿನಿಂದ ಬಂದಿರಬಹುದು. ಅದು ಪಿನ್ ಹಾಗೇ ಕಾಣುತ್ತದೆ ಅಂತ ಅಂಚೆಗೆ ಹಾಕುವ ಯೋಚನೆಯೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದರ ವ್ಯವಹಾರ ಅಪರಾಧ. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಲಾಕೆಟ್ ವಿಚಾರ ರಾಜ್ಯದಲ್ಲಿ ಎಷ್ಟು ದೊಡ್ಡದಾಯಿತು ಅನ್ನುವುದು ನೆನಪಿರಬಹುದು. ದಂತ, ಜಿಂಕೆ ಕೊಂಬಿನ ಗುಂಡಿಗಳಿಗೂ ಇದೇ ಮಾತು.

3. ಪಟ್ಟಿ ಮಾಡಿ, ಫೋಟೋ ತೆಗೆಯಿರಿ

ಕೊಡುವ ಪಿನ್‌ಗಳನ್ನು ಬಿಳಿ ಹಾಳೆಯ ಮೇಲಿಟ್ಟು ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ. ಮುಂಭಾಗ ಒಂದು, ಹಿಂಭಾಗ ಒಂದು. ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಡಿ. ಅದರ ಅಗಲ 27 ಮಿಲಿಮೀಟರ್, ಎಲ್ಲರ ಕೈಯಲ್ಲೂ ಇರುವ ನಾಣ್ಯ, ಪಿನ್ ಎಷ್ಟು ದೊಡ್ಡದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಫೋಟೋದಲ್ಲಿ ದೊಡ್ಡದಾಗಿ ಕಂಡು ಕೈಗೆ ಬಂದಾಗ ಅಂಗಿಯ ಗುಂಡಿಯಷ್ಟು ಇದ್ದರೆ ಬೇಜಾರಾಗದೆ ಇರುತ್ತದಾ?

ಗೀರು, ಎದ್ದ ಬಣ್ಣ, ಬಾಗಿದ ಮೊನೆ, ಹಿಂದೆ ಮೊನೆಗೆ ಹಾಕುವ ಬಿರಡೆ ಇಲ್ಲದಿರುವುದು, ಎಲ್ಲವನ್ನೂ ಬರೆಯಿರಿ. ನಮ್ಮ ಹವೆಗೆ ಇನ್ನೊಂದು ಪರೀಕ್ಷೆ ಬೇಕು: ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಸಣ್ಣ ಅಯಸ್ಕಾಂತ ಹಿಡಿದು ನೋಡಿ. ಪಿನ್ನಿನ ಮುಖ ಅದಕ್ಕೆ ಅಂಟಿದರೆ ಒಳಗಿರುವುದು ಕಬ್ಬಿಣ. ಹಿತ್ತಾಳೆ, ಸತುವಿನ ಮಿಶ್ರಲೋಹ ಅಂಟುವುದಿಲ್ಲ. ಕಬ್ಬಿಣದ್ದು ಕೆಟ್ಟದ್ದು ಅಂತಲ್ಲ, ಚೆನ್ನಾಗಿರುವವೂ ಇವೆ, ಆದರೆ ಲೇಪ ಎಲ್ಲಿ ಸವೆದಿದೆಯೋ ಅಲ್ಲಿ ಜೂನ್ ತಿಂಗಳಲ್ಲಿ ತುಕ್ಕು ಶುರುವಾಗುತ್ತದೆ. ಎದುರಿನವರಿಗೆ ಅದು ಗೊತ್ತಿರಬೇಕು. ಹಿಂದಿನ ಮೊನೆಯ ಬುಡದಲ್ಲಿ ಕಂದು ಬಣ್ಣದ ಉಂಗುರ ಕಾಣುತ್ತಿದ್ದರೆ ಅದನ್ನು ಒಂದು ಹತ್ತಿರದ ಫೋಟೋದಲ್ಲಿ ತೋರಿಸಿ.

ನಕಲಿ ವಿಚಾರ. ಡಿಸ್ನಿ ಪಿನ್‌ಗಳಲ್ಲಿ ಸ್ಕ್ರ್ಯಾಪರ್ ಅಂತ ಕರೆಯುವ ಸರಕು ಬಹಳ ಓಡಾಡುತ್ತದೆ. ಕಾರ್ಖಾನೆಯಲ್ಲಿ ಬೇಡ ಅಂತ ತೆಗೆದಿಟ್ಟದ್ದು, ಅನುಮತಿ ಇಲ್ಲದೆ ಜಾಸ್ತಿ ಒತ್ತಿದ್ದು, ಎಲ್ಲ ಅದರಲ್ಲಿ ಸೇರುತ್ತದೆ. ಅಂಚು ಒರಟಾಗಿರುವುದು, ಬಣ್ಣ ತುಂಬಿದ ಜಾಗದಲ್ಲಿ ಸಣ್ಣ ಗುಳಿ ಬಿದ್ದಿರುವುದು, ಬಣ್ಣ ಪೇಲವವಾಗಿರುವುದು ಅದರ ಗುರುತು. ಕೆಜಿ ಲೆಕ್ಕದಲ್ಲಿ ಬರುವ ಅಗ್ಗದ ಕಟ್ಟುಗಳನ್ನು ಕೊಂಡು ಅದನ್ನೇ ಅಸಲಿ ಅಂತ ಬದಲಿಸುವುದು ಮೋಸ. ಅನುಮಾನ ಇದ್ದರೆ ಅನುಮಾನ ಇದೆ ಅಂತಲೇ ಬರೆಯಿರಿ. ಹಾಗೆ ಬರೆದರೂ ಚಿತ್ರ ಚೆನ್ನಾಗಿದೆ ಅಂತ ತೆಗೆದುಕೊಳ್ಳುವವರು ಇರುತ್ತಾರೆ.

4. ಮಾತುಕತೆ

ಶುರುವಿನಲ್ಲೇ ಮೂರು ವಿಷಯ ಹೇಳಿಬಿಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ: ಯಾವುದಕ್ಕೆ ಯಾವುದು, ಅಂಚೆ ಯಾರದ್ದು, ಯಾವ ದಿನದೊಳಗೆ ಕಳಿಸುವುದು. ನಾನು ಹೀಗೆ ಬರೆಯುತ್ತೇನೆ:

"ನಮಸ್ಕಾರ ಅಕ್ಕ. ನಿಮ್ಮ ಮಂಗಟ್ಟೆ ಹಕ್ಕಿ ಪಿನ್ ತುಂಬ ಇಷ್ಟ ಆಯ್ತು. ನನ್ನ ಪಟ್ಟಿಯಲ್ಲಿ ಯಾವುದು ಬೇಕೋ ನೋಡಿ ಹೇಳಿ. ಅಂಚೆ ಅವರವರದ್ದು ಅಂದುಕೊಂಡಿದ್ದೇನೆ. ನಾನು ಶುಕ್ರವಾರ ಸಂತೆಗೆ ಮಡಿಕೇರಿಗೆ ಹೋಗುತ್ತೇನೆ, ಅವತ್ತೇ ಹಾಕಬಹುದು. ನಿಮಗೆ ಬೇಡ ಅಂದರೂ ಪರವಾಗಿಲ್ಲ, ಹಾಗೇ ಹೇಳಿ."

ಕೊನೆಯ ಆ ಸಾಲು ಮುಖ್ಯ. ನಮ್ಮ ಕಡೆ ಮುಖಕ್ಕೆ ಬೇಡ ಅನ್ನಲು ಸಂಕೋಚ ಪಡುವವರೇ ಜಾಸ್ತಿ. ಬೇಡ ಅನ್ನುವುದನ್ನು ನೀವೇ ಸುಲಭ ಮಾಡಿಕೊಡಿ. ಉತ್ತರ ಬರಲಿಲ್ಲ ಅಂದರೆ ಒಂದು ಸಲ ನೆನಪು ಮಾಡಿ, ಅಷ್ಟೇ. ಮೂರನೇ ಸಲ ಕೇಳುವುದು ಪೀಡಿಸಿದ ಹಾಗೆ.

ಬೆಲೆ ಸರಿಸಮ ಇರಬೇಕಾ? ಇಬ್ಬರಿಗೂ ಒಪ್ಪಿಗೆಯಾದರೆ ಸರಿಸಮ ಅಂತ ನಾನು ಹೇಳುತ್ತೇನೆ, ಆದರೆ ಆ ಒಪ್ಪಿಗೆ ಗೊತ್ತಿದ್ದು ಕೊಟ್ಟದ್ದಾಗಿರಬೇಕು. ಎದುರಿನವರು ಹೊಸಬರು, ಅವರ ಕೈಯಲ್ಲಿರುವುದು ಸೀಮಿತ ಸಂಖ್ಯೆಯಲ್ಲಿ ಬಂದ ಪಿನ್, ಹಿಂದೆ ನಂಬರ್ ಒತ್ತಿದೆ, ಅದರ ಬೆಲೆ ಅವರಿಗೆ ಗೊತ್ತಿಲ್ಲ. ಆಗ ಬಾಯಿ ಮುಚ್ಚಿಕೊಂಡು ಒಂದು ಸಾಮಾನ್ಯ ಪಿನ್‌ಗೆ ಅದನ್ನು ಹೊಡೆದುಕೊಳ್ಳುವುದು ಬಹಳ ಕೆಟ್ಟ ಕೆಲಸ. ಮೊದಲು ಹೇಳಿ, "ಇದು ಅಪರೂಪದ್ದು, ಯೋಚನೆ ಮಾಡಿ ಕೊಡಿ" ಅಂತ. ಆಮೇಲೂ ಕೊಡುತ್ತೇನೆ ಅಂದರೆ ತೆಗೆದುಕೊಳ್ಳಿ.

ಮಕ್ಕಳ ಜೊತೆ ಬದಲಿಸುವಾಗ ಮಾತು ಅವರ ಅಪ್ಪ ಅಮ್ಮನ ಜೊತೆಯೇ ಆಗಬೇಕು. ವಿಳಾಸವೂ ದೊಡ್ಡವರ ಹೆಸರಿನಲ್ಲೇ. ಮತ್ತೆ, ಮಗು ಆಸೆಪಟ್ಟ ಪಿನ್ ನಿಮ್ಮ ಹತ್ತಿರ ಎರಡು ಇದ್ದರೆ ಒಂದನ್ನು ಸುಮ್ನೆ ಕೊಟ್ಟುಬಿಡಿ. ಹೇಗೂ ಪಾರ್ಸೆಲ್ ಹೋಗುತ್ತಿದೆ.

5. ಅಂಚೆ ಲೆಕ್ಕ

ಇದನ್ನು ನಿಧಾನವಾಗಿ ಓದಿ.

ರಿಜಿಸ್ಟರ್ಡ್ ಪೋಸ್ಟ್ ಅನ್ನುವುದು ಈಗ ಬೇರೆಯಾಗಿ ಇಲ್ಲ. 2025ರಲ್ಲಿ ಅದು ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಯಿತು. ಆ ವರ್ಷದ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟಿನ ದರವೂ ಬದಲಾಯಿತು. ಕಾಗದಪತ್ರಕ್ಕೆ 50 ಗ್ರಾಂವರೆಗೆ ದೇಶದ ಯಾವ ಮೂಲೆಗಾದರೂ 47 ರೂಪಾಯಿ, ಅದೇ ಊರಿನೊಳಗಾದರೆ 19. ಅದರ ಮೇಲೆ ಶೇ. 18 ಜಿಎಸ್‌ಟಿ. 50 ಗ್ರಾಂ ದಾಟಿ 250ರವರೆಗೆ ಹೋದರೆ ದೂರ ನೋಡಿ ದರ: 200 ಕಿಲೋಮೀಟರ್ ಒಳಗೆ 59, 500ರ ಒಳಗೆ 63, ಹೀಗೆ ಏರಿ 2000 ದಾಟಿದರೆ 77. ಇದು ಕಾಗದಪತ್ರದ ದರ ಅನ್ನುವುದು ನೆನಪಿರಲಿ. ಪಿನ್ ಅಂದರೆ ಸಾಮಾನು, ಸಾಮಾನಿಗೆ ಪಾರ್ಸೆಲ್ ದರ ಬೇರೆ. ಕೌಂಟರಿನಲ್ಲಿ ಒಳಗೆ ಲೋಹದ ಪಿನ್ ಇದೆ ಅಂತಲೇ ಹೇಳಿ, ಬೇರೆ ಬೇರೆ ಒಂದೆರಡು ತೂಕಕ್ಕೆ ದರ ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಮಾತುಕತೆಗೆಲ್ಲ ಆ ಚೀಟಿಯೇ ಆಧಾರ.

ಗಮನಿಸಬೇಕಾದ್ದು ದರದ ಹಂತ. ತೂಕ ಒಂದು ಹಂತದೊಳಗೆ ಎಷ್ಟಿದ್ದರೂ ದುಡ್ಡು ಅಷ್ಟೇ. ಒಂದು ಸಾಧಾರಣ ಎನಾಮಲ್ ಪಿನ್ ಹತ್ತು ಗ್ರಾಂ ಆಸುಪಾಸು ತೂಗುತ್ತದೆ. ಪ್ಯಾಕಿಂಗ್ ಸೇರಿಸಿದರೂ ಒಂದು ಪಾರ್ಸೆಲ್ಲಿನಲ್ಲಿ ಇನ್ನೂ ಹಲವು ಪಿನ್‌ಗೆ ಜಾಗ ಇರುತ್ತದೆ. ಉದಾಹರಣೆಗೆ ಪಾರ್ಸೆಲ್ಲಿಗೆ 80 ರೂಪಾಯಿ ಬಿತ್ತು ಅಂದುಕೊಳ್ಳಿ. ಒಂದೇ ಪಿನ್ ಇದ್ದರೆ ಪಿನ್ನಿಗೆ 80. ನಾಲ್ಕಿದ್ದರೆ ತಲಾ 20. ಹಾಗಾಗಿ ಒಂದಕ್ಕೊಂದು ಬದಲಿಸುವ ಆಸೆ ಆದಾಗ ತಡೆದುಕೊಂಡು, "ಇನ್ನೆರಡು ಆರಿಸೋಣ, ಒಂದು ತಿಂಗಳು ಕಾಯೋಣ" ಅನ್ನಿ. ಮನೆಯಲ್ಲಿ ಅಡುಗೆಯ ಸಣ್ಣ ತಕ್ಕಡಿ ಇದ್ದರೆ ಹೊರಡುವ ಮೊದಲೇ ತೂಗಿ. ಹಂತದ ಗೆರೆಯಿಂದ ಎರಡು ಗ್ರಾಂ ಮೇಲಿದ್ದರೆ ಒಂದು ರಟ್ಟಿನ ತುಂಡು ತೆಗೆದರೆ ಮುಗಿಯಿತು.

ಅಕ್ಕಪಕ್ಕದವರು ಸೇರಿ ಕಳಿಸುವುದು ಇನ್ನೂ ಒಳ್ಳೆಯದು. ವಿರಾಜಪೇಟೆಯಲ್ಲಿ ಮೂವರು, ಮೈಸೂರಿನಲ್ಲಿ ಮೂವರು ಇದ್ದಾರೆ ಅಂದರೆ ಆರು ಪಾರ್ಸೆಲ್ ಯಾಕೆ ಓಡಾಡಬೇಕು? ಆ ಕಡೆಗೊಂದು ಈ ಕಡೆಗೊಂದು ಸಾಕು. ಒಳಗೆ ಹೆಸರು ಬರೆದ ಸಣ್ಣ ಪೊಟ್ಟಣ ಇರಲಿ. ಮದುವೆಗೋ ಆಸ್ಪತ್ರೆಗೋ ಬೆಂಗಳೂರಿಗೆ ಹೋಗುವ ನಂಟರ ಕೈಯಲ್ಲಿ ಕೊಟ್ಟರೆ ಅದೂ ಇಲ್ಲ. ಆದರೆ ಅವರ ಕೆಲಸ ಕೆಡಿಸಬೇಡಿ. ಪಿನ್ ಬೇಕಾದವರೇ ಅವರಿದ್ದಲ್ಲಿಗೆ ಬಂದು ತೆಗೆದುಕೊಂಡು ಹೋಗಬೇಕು.

ಅಂಚೆ ಅವರವರದ್ದು ಅನ್ನುವುದು ಸಾಮಾನ್ಯ ನಿಯಮ. ಇದು ಯಾವಾಗಲೂ ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ಸಂಬಳ ಬರುವವರು ಮತ್ತು ಮನೆಯಿಂದ ಕೈಖರ್ಚು ಇಸಿದುಕೊಳ್ಳುವ ವಿದ್ಯಾರ್ಥಿ ಬದಲಿಸಿಕೊಳ್ಳುವಾಗ ಸಂಬಳದವರು ಒಂದು ಪಿನ್ ಜಾಸ್ತಿ ಹಾಕಲಿ, ಅಥವಾ ಅಂಚೆಯಲ್ಲಿ ಸ್ವಲ್ಪ ಹೊರಲಿ. ಅದನ್ನು ಉಪಕಾರದ ಹಾಗೆ ಹೇಳಿ ತೋರಿಸದೆ ಮಾಡಿದರೆ ಚೆನ್ನ.

6. ಪ್ಯಾಕಿಂಗ್

ಮಾಮೂಲಿ ಕಾಗದದ ಲಕೋಟೆಯಲ್ಲಿ ಪಿನ್ ಹಾಕಿ ಐದು ರೂಪಾಯಿ ಸ್ಟಾಂಪ್ ಅಂಟಿಸಿ ಡಬ್ಬಿಗೆ ಹಾಕಬೇಡಿ. ಗಟ್ಟಿ ಲೋಹ ಒಳಗೆ ಅಲುಗಾಡಿ ಮೂಲೆ ಹರಿಯುತ್ತದೆ. ಲಕೋಟೆ ತಲುಪುತ್ತದೆ, ಪಿನ್ ಇರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಮೊನೆ ಹೊರಗೆ ಬಂದರೆ ವಿಂಗಡಿಸುವವರ, ಪೋಸ್ಟ್‌ಮ್ಯಾನ್ ಅಣ್ಣನ ಕೈಗೆ ಚುಚ್ಚುತ್ತದೆ. ಅವರು ನಮ್ಮ ಹವ್ಯಾಸಕ್ಕೆ ಯಾಕೆ ನೋಯಬೇಕು?

ಹೀಗೆ ಮಾಡಿ. ಮಾತ್ರೆಯ ಪೆಟ್ಟಿಗೆ, ಬಿಸ್ಕತ್ತಿನ ಪೆಟ್ಟಿಗೆ, ಅಂಗಿಯ ಒಳಗೆ ಬರುವ ರಟ್ಟು, ಯಾವುದಾದರೂ ತೆಗೆದುಕೊಂಡು ಅಂಗೈ ಅಗಲದ ಎರಡು ತುಂಡು ಕತ್ತರಿಸಿ. ಒಂದರಲ್ಲಿ ಸೂಜಿಯಿಂದ ತೂತು ಮಾಡಿ ಪಿನ್ನಿನ ಮೊನೆ ಇಳಿಸಿ, ಹಿಂದಿನಿಂದ ಬಿರಡೆ ಒತ್ತಿ. ಚಿಟ್ಟೆ ರೆಕ್ಕೆಯ ಹಾಗಿರುವ ಲೋಹದ ಬಿರಡೆಗಿಂತ ರಬ್ಬರಿನದ್ದು ದಾರಿಯಲ್ಲಿ ಭದ್ರ, ಅದರಲ್ಲಿ ಮೊನೆಯೂ ಮುಚ್ಚಿಹೋಗುತ್ತದೆ. ಎರಡು ಪಿನ್ ಒಂದೇ ರಟ್ಟಿನಲ್ಲಿದ್ದರೆ ನಡುವೆ ಒಂದು ಬೆರಳಿನ ಜಾಗ ಬಿಡಿ, ಇಲ್ಲದಿದ್ದರೆ ಒಂದಕ್ಕೊಂದು ಉಜ್ಜಿ ಬಣ್ಣ ಏಳುತ್ತದೆ. ಮುಖದ ಮೇಲೆ ಮೆತ್ತನೆಯ ಟಿಶ್ಯೂ ಹಾಸಿ. ನ್ಯೂಸ್ ಪೇಪರ್ ಬೇಡ, ತೇವ ತಗುಲಿದರೆ ಮಸಿ ಅಂಟುತ್ತದೆ. ಇನ್ನೊಂದು ರಟ್ಟನ್ನು ಹಿಂಬದಿಗೆ ಇಟ್ಟು ಮೊನೆಯ ಕಡೆ ಮುಚ್ಚಿ ಟೇಪು ಸುತ್ತಿ. ಟೇಪಿನ ತುದಿಯನ್ನು ಒಂದು ಉಗುರಿನಷ್ಟು ಒಳಕ್ಕೆ ಮಡಚಿಬಿಡಿ, ಬಿಚ್ಚುವವರು ಎಳೆದರೆ ಸಾಕು, ಕತ್ತರಿ ಹಾಕಿ ಪಿನ್ ಗೀರುವ ಪ್ರಸಂಗ ಬರುವುದಿಲ್ಲ. ಪಿನ್ನಿನ ಮುಖಕ್ಕೆ ಮಾತ್ರ ಟೇಪು ತಾಗಿಸಲೇಬೇಡಿ. ಸಾಫ್ಟ್ ಎನಾಮಲ್‌ನಲ್ಲಿ ಬಣ್ಣ ಲೋಹದ ಗೆರೆಗಿಂತ ಕೆಳಗೆ ಕೂತಿರುತ್ತದೆ, ಆ ಸಂದಿಗೆ ಅಂಟು ಇಳಿದರೆ ತೆಗೆಯುವುದು ಕಷ್ಟ.

ಇಷ್ಟಾದ ಮೇಲೆ ಒತ್ತಿ ಮುಚ್ಚುವ ಪ್ಲಾಸ್ಟಿಕ್ ಚೀಲ. ಅದರ ಗಾಳಿ ಹೊರಗೆ ಹಾಕಿ ಮುಚ್ಚಿ. ಹೊಸ ಬೂಟಿನ ಪೆಟ್ಟಿಗೆಯಲ್ಲಿ, ಮಾತ್ರೆ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪುಡಿಕೆ ಇದ್ದರೆ ಒಂದು ಒಳಗೆ ಹಾಕಿ. ಹೊರಗೆ ಬಬಲ್ ಇರುವ ಲಕೋಟೆ ಅಥವಾ ಪುಟ್ಟ ಪೆಟ್ಟಿಗೆ. ಇವೆಲ್ಲ ಹೊಸದಾಗಿ ಕೊಳ್ಳಬೇಕಿಲ್ಲ, ಮನೆಗೆ ಬಂದ ಪಾರ್ಸೆಲ್ಲಿನದ್ದನ್ನೇ ತಿರುಗಿಸಿ ಬಳಸಿ. ಹಳೆಯ ವಿಳಾಸ, ಬಾರ್‌ಕೋಡ್ ಪೂರ್ತಿ ಮುಚ್ಚಬೇಕು, ಇಲ್ಲದಿದ್ದರೆ ಪಾರ್ಸೆಲ್ ಎಲ್ಲಿಗೋ ಹೋಗುತ್ತದೆ. ಒಳಗೆ ಒಂದು ಸಣ್ಣ ಚೀಟಿ ಹಾಕಿ, ನಿಮ್ಮ ಹೆಸರು, ಕಳಿಸಿದ ಪಿನ್‌ಗಳ ಹೆಸರು, ಒಂದು ಸಾಲು ಕೈಬರಹ. ಕಾಫಿಪುಡಿ, ಏಲಕ್ಕಿ, ಚಾಕೊಲೇಟು ಜೊತೆಗೆ ಕಳಿಸುವ ಆಸೆ ನಮ್ಮವರಿಗೆ ಇರುತ್ತದೆ. ಪ್ರೀತಿ ಸರಿ, ಆದರೆ ತೂಕ ಏರುತ್ತದೆ, ಎದುರಿನವರಿಗೂ ಏನಾದರೂ ತಿರುಗಿ ಕಳಿಸಬೇಕಲ್ಲ ಅನ್ನುವ ಹೊರೆ ಬೀಳುತ್ತದೆ. ಬಿಡಿ.

7. ವಿಳಾಸ

ಕೊಡಗಿನಲ್ಲಿ ಒಂದೇ ಮನೆಹೆಸರಿನವರು ಒಂದೇ ಊರಿನಲ್ಲಿ ಎಷ್ಟೋ ಮಂದಿ ಇರುತ್ತಾರೆ. ಮನೆಹೆಸರು, ಊರು ಅಷ್ಟೇ ಬರೆದರೆ ಪಾರ್ಸೆಲ್ ದೊಡ್ಡಪ್ಪನ ಮನೆಗೆ ಹೋಗಿ ವಾರಗಟ್ಟಲೆ ಕೂತಿರುತ್ತದೆ. ಪೂರ್ತಿ ಹೆಸರು, ಮನೆ ಅಥವಾ ತೋಟದ ಹೆಸರು, ಗ್ರಾಮ, ಅಂಚೆ, ತಾಲ್ಲೂಕು, ಪಿನ್‌ಕೋಡ್, ಮೊಬೈಲ್ ನಂಬರ್, ಇಷ್ಟೂ ಬೇಕು. ಗ್ರಾಮ ಬೇರೆ, ಅಂಚೆ ಬೇರೆ ಇರುವುದುಂಟು, ಎರಡನ್ನೂ ಬರೆಯಿರಿ. ಮಡಿಕೇರಿ 571201, ವಿರಾಜಪೇಟೆ 571218, ಕುಶಾಲನಗರ 571234, ಗೋಣಿಕೊಪ್ಪ 571213. ನೀರು ಬಿದ್ದರೆ ಹರಡದ ಪೆನ್ನಿನಲ್ಲಿ ಬರೆದು ಮೇಲೆ ಪಾರದರ್ಶಕ ಟೇಪು ಅಂಟಿಸಿ. ಹಿಂದೆ ನಿಮ್ಮ ವಿಳಾಸವೂ ಇರಲಿ.

ಬೇರೆಯವರು ಕೊಟ್ಟ ವಿಳಾಸ ನಿಮ್ಮ ಹತ್ತಿರ ಅವರು ಇಟ್ಟ ನಂಬಿಕೆ. ಇನ್ನೊಬ್ಬರಿಗೆ ಕಳಿಸಬೇಡಿ, ಪಾರ್ಸೆಲ್ ಫೋಟೋ ಹಾಕುವಾಗ ಮುಚ್ಚಿ. ಮನೆಯ ವಿಳಾಸ ಕೊಡಲು ಹಿಂಜರಿಯುವ ಹೆಣ್ಣುಮಕ್ಕಳು ಇದ್ದಾರೆ, ಅವರು ಕೆಲಸದ ಜಾಗದ್ದೋ ಗೊತ್ತಿರುವ ಅಂಗಡಿಯದ್ದೋ ಕೊಟ್ಟರೆ ಯಾಕೆ ಅಂತ ಕೇಳಲು ಹೋಗಬೇಡಿ.

8. ಕಳಿಸುವುದು, ತಲುಪಿದ್ದು ಹೇಳುವುದು

ಇಬ್ಬರೂ ಒಂದೇ ದಿನ ಕಳಿಸಿದರೆ ಯಾರು ಮೊದಲು ಅನ್ನುವ ಪ್ರಶ್ನೆಯೇ ಇಲ್ಲ. ರಸೀದಿಯ ಫೋಟೋ ಕಳಿಸಿ. ಅದರಲ್ಲಿರುವ 13 ಅಕ್ಷರದ ನಂಬರ್, ಮೊದಲಿಗೆ ಎರಡು ಅಕ್ಷರ, ಆಮೇಲೆ ಒಂಬತ್ತು ಅಂಕಿ, ಕೊನೆಗೆ ಐಎನ್, ಇದ್ದರೆ ಪಾರ್ಸೆಲ್ ಎಲ್ಲಿದೆ ಅಂತ ನೋಡಬಹುದು. ಹೇಳಿದ ದಿನ ಹಾಕಲು ಆಗದಿದ್ದರೆ ಅವತ್ತೇ ತಿಳಿಸಿ. ತಡ ಆಗುವುದು ತಪ್ಪಲ್ಲ. ಸುದ್ದಿಯೇ ಇಲ್ಲದಿದ್ದರೆ ಮಾತ್ರ ಕಾಯುವವರಿಗೆ ಕಷ್ಟ. ಬಂದ ದಿನವೇ ಒಂದು ಫೋಟೋ, "ಬಂತು ಅಣ್ಣ, ಚೆನ್ನಾಗಿದೆ" ಅಂತ ಒಂದು ಮಾತು.

ಪಿನ್ ಹೇಳಿದ ಹಾಗಿಲ್ಲ ಅಂದರೆ ಮೊದಲು ಅವರಿಗೇ ನೇರ ಹೇಳಿ, ನಾಲ್ಕು ಜನರ ಮುಂದೆ ಅಲ್ಲ. ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ.

9. ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚೀಲದೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಇನ್ನು ಪಿನ್‌ಗೆ ತುಕ್ಕು ಬರುವುದು ಹೊಸದಲ್ಲ. ಮರ ಬಿದ್ದು, ಮಣ್ಣು ಜರಿದು ರಸ್ತೆ ನಿಲ್ಲುವುದೂ ಇದೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ರಸ್ತೆಯೇ ಬಂದ್ ಆಗಿತ್ತು. ಜುಲೈ, ಆಗಸ್ಟ್‌ನಲ್ಲಿ ಬೆಲೆಬಾಳುವ ಪಿನ್ ಕಳಿಸದೆ ಮಾತುಕತೆ ಮುಗಿಸಿ ಇಟ್ಟುಕೊಳ್ಳಿ, ಸೆಪ್ಟೆಂಬರ್ ಶುರುವಿನ ಕೈಲ್‌ಪೊಳ್ದ್ ಹಬ್ಬ ಕಳೆದು ಮಳೆ ಸ್ವಲ್ಪ ಹಿಂದೆ ಸರಿದ ಮೇಲೆ ಒಟ್ಟಿಗೆ ಕಳಿಸಿ. ಹೊರಗಿನವರಿಗೆ ಇದು ಅರ್ಥವಾಗದೆ "ಯಾಕಿಷ್ಟು ತಡ" ಅನ್ನಬಹುದು. ರಸ್ತೆಯ ಸ್ಥಿತಿ ಒಂದು ಸಾಲಿನಲ್ಲಿ ಹೇಳಿದರೆ ಸಾಕು. ತೊಪ್ಪೆಯಾಗಿ ನೆನೆದು ಸೈಕಲ್ಲಿನಲ್ಲೋ ನಡೆದೋ ಬರುವ ಗ್ರಾಮೀಣ ಡಾಕ್ ಸೇವಕರ ಮೇಲೆ ಪಿನ್ ಬರಲಿಲ್ಲ ಅಂತ ರೇಗುವುದಂತೂ ಬೇಡವೇ ಬೇಡ.

ಮಳೆಗಾಲದಲ್ಲಿ ಜಿಲ್ಲೆಯೊಳಗಿನವರು ಕೈಯಿಂದ ಕೈಗೆ ಬದಲಿಸಿಕೊಳ್ಳಬಹುದು. ಮಡಿಕೇರಿಯ ಶುಕ್ರವಾರದ ಸಂತೆಗೆ ಹೇಗೂ ಬರುತ್ತೀರಿ. ಒಂದು ಕಾಫಿ ಕುಡಿಯುವಷ್ಟು ಹೊತ್ತು ಸಾಕು.

10. ಕಳೆದುಹೋದರೆ

ಇದನ್ನು ಕಳಿಸುವ ಮೊದಲೇ ಮಾತಾಡಿಕೊಳ್ಳಿ. ನನ್ನ ಅಭಿಪ್ರಾಯದಲ್ಲಿ ರಸೀದಿ ಇದ್ದು, ಪ್ಯಾಕಿಂಗ್ ಸರಿಯಿದ್ದು ದಾರಿಯಲ್ಲಿ ಹೋದರೆ ನಷ್ಟ ಇಬ್ಬರದ್ದೂ. ಪಿನ್ ತಲುಪಿದವರು ಸಿಗದವರಿಗೆ ಇನ್ನೊಂದು ಯಾವುದಾದರೂ ಕೊಟ್ಟು ಅರ್ಧ ತುಂಬಿಕೊಡಬೇಕು. ರಸೀದಿ ಇಲ್ಲದೆ ಕಳಿಸಿದರೆ ಕಳಿಸಿದವರದ್ದೇ ಹೊಣೆ.

ಅಂಚೆ ಇಲಾಖೆಗೆ ದೂರು ಕೊಡಿ, ಪೋಸ್ಟಾಫೀಸಿನಲ್ಲಿ ಅಥವಾ 1800 266 6868ಕ್ಕೆ ಕರೆ ಮಾಡಿ. ಸ್ಪೀಡ್ ಪೋಸ್ಟ್ ಕಳೆದರೆ ಸಿಗುವ ಪರಿಹಾರ ನೀವು ಕಟ್ಟಿದ ದರದ ಎರಡು ಪಟ್ಟು ಅಥವಾ ಒಂದು ಸಾವಿರ ರೂಪಾಯಿ, ಇದರಲ್ಲಿ ಯಾವುದು ಕಡಿಮೆಯೋ ಅದು. ಅಂದರೆ ಅಪರೂಪದ ಪಿನ್ನಿನ ಬೆಲೆ ಅದರಲ್ಲಿ ಹುಟ್ಟುವುದಿಲ್ಲ. ಅಂಥದ್ದಕ್ಕೆ ಕೌಂಟರಿನಲ್ಲಿ ವಿಮೆ ಕೇಳಿ, ಇಲ್ಲವೇ ಭೇಟಿಯಾಗುವ ತನಕ ಕಾಯಿರಿ.

11. ಹೊರದೇಶದ ಅದಲುಬದಲು

ದುಬಾರಿ. ಹಾಗಾಗಿ ಒಬ್ಬೊಬ್ಬರೇ ಮಾಡಬೇಡಿ, ನಾಲ್ಕೈದು ಜನ ಸೇರಿ ವರ್ಷಕ್ಕೆ ಒಂದೋ ಎರಡೋ ಸಲ ಮಾಡಿ. ಸಿಎನ್ 22 ಅನ್ನುವ ಕಸ್ಟಮ್ಸ್ ಚೀಟಿಯಲ್ಲಿ ಲೋಹದ ಪಿನ್ ಅಂತ, ಎಷ್ಟು, ತೂಕ ಎಷ್ಟು, ಬೆಲೆ ಎಷ್ಟು ಅಂತ ನಿಜವನ್ನೇ ಬರೆಯಿರಿ. ಉಡುಗೊರೆ ಅಂತ ಬರೆದರೆ ಸುಂಕ ಇಲ್ಲ ಅನ್ನುವ ನಂಬಿಕೆ ಇನ್ನೂ ಇದೆ. ನಮ್ಮ ದೇಶಕ್ಕೆ ಬರುವ ಉಡುಗೊರೆಗೆ ಇದ್ದ ಆ ವಿನಾಯಿತಿ 2019ರ ಡಿಸೆಂಬರಿನಲ್ಲೇ ಹೋಯಿತು, ರಾಖಿ ಮತ್ತು ಜೀವರಕ್ಷಕ ಔಷಧಿ ಬಿಟ್ಟು. ಸುಂಕ ಬಿದ್ದರೆ ಪಾರ್ಸೆಲ್ ಕೊಡುವಾಗ ವಸೂಲಿ ಮಾಡುತ್ತಾರೆ. ಅಮೆರಿಕದ ಕಡೆಯೂ 800 ಡಾಲರ್ ಒಳಗಿನ ಸಾಮಾನಿಗಿದ್ದ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಮುಗಿಯಿತು. ಆಗ ನಮ್ಮ ಅಂಚೆ ಇಲಾಖೆ ಅಲ್ಲಿಗೆ ಬುಕಿಂಗ್ ನಿಲ್ಲಿಸಿ, ಅಕ್ಟೋಬರ್ 15ರಿಂದ ಮತ್ತೆ ಶುರು ಮಾಡಿತು. ಇಂಥ ನಿಯಮ ಬದಲಾಗುತ್ತಲೇ ಇರುತ್ತದೆ. ಮಾತು ಕೊಡುವ ಮೊದಲು ಪೋಸ್ಟಾಫೀಸಿನಲ್ಲಿ ಕೇಳಿ.

ಸೇರಿ ತರಿಸಿದಾಗ ಲೆಕ್ಕ ಹೀಗಿರಲಿ: ಅಂಚೆ ಖರ್ಚನ್ನು ಪಿನ್‌ಗಳ ಸಂಖ್ಯೆಯಿಂದ ಭಾಗ ಮಾಡಿ, ಸುಂಕವನ್ನು ಬೆಲೆಯ ಪ್ರಕಾರ ಹಂಚಿ. ಜಾಸ್ತಿ ಬೆಲೆಯ ಪಿನ್ ತರಿಸಿದವರು ಜಾಸ್ತಿ ಕಟ್ಟಲಿ. ಎರಡು ಪುಟ್ಟ ಪಿನ್ ತರಿಸಿದ ಹುಡುಗನ ಮೇಲೆ ಅದು ಬೀಳಬಾರದು. ಯಾರ ವಿಳಾಸಕ್ಕೆ ತರಿಸಿದ್ದೀರೋ ಅವರು ಪೋಸ್ಟ್‌ಮ್ಯಾನ್‌ಗೆ ಕಾದು, ಸುಂಕದ ದುಡ್ಡು ಮೊದಲು ತಾವೇ ಕೊಟ್ಟು, ಬಿಚ್ಚಿ, ಎಲ್ಲರಿಗೂ ಮತ್ತೆ ಪ್ಯಾಕ್ ಮಾಡಿ ಕಳಿಸುತ್ತಾರೆ. ಅವರ ಪಾಲಿನ ಅಂಚೆ ಖರ್ಚು ಉಳಿದವರು ಹಂಚಿಕೊಳ್ಳಿ. ಸುಂಕದ ದುಡ್ಡನ್ನು ಅವರು ಕೇಳುವ ಮೊದಲೇ ಅವತ್ತೇ ಕಳಿಸಿಬಿಡಿ.